ನೀರು ನಿಂತು ತಿಂಗಳ ಮೇಲಾಯಿತು

ಕಣ್ಣು ಪರೀಕ್ಷೆಯ ಕೋಣೆಯ ಕತ್ತಲಲ್ಲಿ ಮುದುಕರೊಬ್ಬರು ಮೂಗಿನ ಮೇಲೆ ಆ ಭಾರದ ಕಬ್ಬಿಣದ ಚೌಕಟ್ಟು ಹೊತ್ತು ಕೂತಿದ್ದರು. ಧನಲಕ್ಷ್ಮಿ ಅದರೊಳಗೆ ಒಂದು ಗಾಜು ಇಳಿಸಿದಳು, ತೆಗೆದಳು, ಇನ್ನೊಂದು ಇಳಿಸಿ, "ಇದು ಚೆನ್ನಾಗಿ ಕಾಣತ್ತಾ ಸಾರ್, ಇಲ್ಲ ಮೊದಲಿಂದಾ?" ಎಂದು ಕೇಳಿದಳು. "ಇನ್ನೊಂದ್ ಸಲ ಹಾಕಮ್ಮ" ಎಂದರು ಮುದುಕರು. ಇನ್ನೊಂದು ಸಲ ಹಾಕುವಷ್ಟರಲ್ಲಿ ಅವಳ ಹೊಟ್ಟೆ ತಿರುಚಿಕೊಂಡಿತು. "ಒಂದೇ ನಿಮಿಷ ಸಾರ್" ಎಂದವಳು ಓಡಿದಳು. ಬಂದಾಗ ಹನ್ನೆರಡು ನಿಮಿಷ ಆಗಿತ್ತು. ಮುದುಕರು ಚೌಕಟ್ಟು ತೆಗೆಯದೆ ಹಾಗೇ ಕೂತು, ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದರು. ಇನ್ನು ಅವರ ಕಣ್ಣು ನಿಜವಾಗಿ ಎಷ್ಟು ಕಾಣುತ್ತದೋ ದೇವರಿಗೇ ಗೊತ್ತು.

ಯಶವಂತಪುರದ ಆ ಕನ್ನಡಕದ ಅಂಗಡಿಯಲ್ಲಿ ಧನಲಕ್ಷ್ಮಿಗೆ ಇದು ಐದನೇ ವರ್ಷ. ಅಂಗಡಿಯ ಕಕ್ಕಸು ಎರಡನೇ ಮಹಡಿಯಲ್ಲಿ, ಟೈಲರ್ ಅಂಗಡಿಯ ಹಿಂದೆ. ಅದರ ಬೀಗದ ಕೈ ಮಾಲೀಕ ನಂದಕುಮಾರ್ ಅವರ ಮೇಜಿನ ಮೇಲೆ. ಹಾಗಾಗಿ ಅವಳ ಹೊಟ್ಟೆಯ ಸಮಾಚಾರ ಅವರಿಗೆ ತಿಳಿಯದೆ ಇರುವಂತಿರಲಿಲ್ಲ.

"ಇವತ್ತು ಇದು ನಾಲ್ಕನೇ ಸಲ ಅಲ್ವೇನಮ್ಮ? ಹೊರಗಡೆ ಏನಾದ್ರೂ ತಿಂದ್ಯಾ?"

"ಗ್ಯಾಸ್ಟ್ರಿಕ್ ಸಾರ್."

ಗ್ಯಾಸ್ಟ್ರಿಕ್ ಎಂದರೆ ನಮ್ಮ ಊರಲ್ಲಿ ಯಾರೂ ಮುಂದಕ್ಕೆ ಕೇಳುವುದಿಲ್ಲ. ಕೇಳಿದವರಿಗೂ ಅದೇ ಇರುತ್ತದೆ. ನಂದಕುಮಾರ್ ಅವರು ಜೀರಿಗೆ ನೀರಿನ ಮಹಿಮೆ ಹೇಳಿ ಬಿಟ್ಟುಬಿಟ್ಟರು. ನಿಜ ಗೊತ್ತಿದ್ದದ್ದು ಕೌಂಟರಿನಲ್ಲಿ ಫ್ರೇಮು ತೋರಿಸುವ ಸುಮೈರಾ ಒಬ್ಬಳಿಗೇ.

ನಿಜವೆಂದರೆ ಇಷ್ಟು. ಧನಲಕ್ಷ್ಮಿ ಕಡೆಯ ಸಲ ಮುಟ್ಟಾದದ್ದು ನವೆಂಬರಿನಲ್ಲಿ. ಅದಕ್ಕೆ ಮುಂಚೆಯೂ ಅದು ಮನಸ್ಸಿಗೆ ಬಂದಾಗ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಗದ್ದದ ಕೆಳಗೆ ಒರಟು ಕೂದಲು ಹುಟ್ಟಿತು, ಊಟ ಕಡಿಮೆ ಮಾಡಿದರೂ ಮೈ ಬಂತು. ಜನವರಿ ಕೊನೆಯಲ್ಲಿ ಡಾಕ್ಟರ್ ಮಹತಿ ಸ್ಕ್ಯಾನು, ರಕ್ತ, ಎಲ್ಲ ನೋಡಿ, ಬಸಿರಲ್ಲ ಎಂಬುದನ್ನೂ ಖಾತ್ರಿ ಮಾಡಿಕೊಂಡು, ಪಿಸಿಓಎಸ್, ಅಂಡಾಶಯದ ತೊಂದರೆ, ಎಂದರು. ಶುಗರ್ ಇರುವವರಿಗೆ ಕೊಡುವ ಮಾತ್ರೆಯನ್ನೇ ಬರೆದುಕೊಟ್ಟರು.

"ನಿಮಗೆ ಶುಗರ್ ಇಲ್ಲ, ಹೆದರ್ಬೇಡಿ. ಆದ್ರೆ ಈ ಮಾತ್ರೆ ನಿಮಗೂ ಕೆಲಸ ಮಾಡತ್ತೆ. ಮೊದಲ್ನೇ ವಾರ ದಿನಕ್ಕೆ ಒಂದು, ಆಮೇಲೆ ಎರಡು. ಊಟದ ಜೊತೆ ತಗೋಬೇಕು. ಶುರುವಿನಲ್ಲಿ ವಾಕರಿಕೆ, ಭೇದಿ ಆಗಬಹುದು, ಕೆಲವು ವಾರದಲ್ಲಿ ಮೈ ಹೊಂದ್ಕೊಳತ್ತೆ. ತೀರಾ ತಡೆಯಕ್ಕಾಗ್ಲಿಲ್ಲ ಅಂದ್ರೆ ಫೋನ್ ಮಾಡಿ, ನೀವೇ ನಿಲ್ಲಿಸ್ಬೇಡಿ. ಮೂರು ತಿಂಗಳು ನೋಡೋಣ."

ಧನಲಕ್ಷ್ಮಿ ತಲೆಯಾಡಿಸಿ ಬಂದಳು. ಡಾಕ್ಟರ ಎದುರು ತಲೆಯಾಡಿಸುವುದಕ್ಕೇನು, ಯಾರಾದರೂ ಆಡಿಸುತ್ತಾರೆ. ಮಾತ್ರೆ ಒಳಗೆ ಹೋಗಲು ಶುರುವಾದ ಮೇಲೆ ಬಾಯಿಗೆ ತಗಡಿನ ರುಚಿ ಹತ್ತಿತು. ಒಗ್ಗರಣೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಊಟ ಸೇರದೆ ಎರಡು ಬಿಸ್ಕತ್ತು ತಿಂದು, ಅದನ್ನೇ ಊಟವೆಂದು ಲೆಕ್ಕ ಹಿಡಿದು, ಮಾತ್ರೆ ನುಂಗುತ್ತಿದ್ದಳು. ಖಾಲಿ ಹೊಟ್ಟೆಗೆ ಬಿದ್ದ ಮಾತ್ರೆ ಇನ್ನಷ್ಟು ತೊಳಸುತ್ತಿತ್ತು. ಹೀಗೆ ಐದು ವಾರ. ಮಾತ್ರೆಯ ಹಾಳೆಯನ್ನು ಎರಡು ಸಲ ಕಸದ ಬುಟ್ಟಿಗೆ ಎಸೆದು, ಎರಡು ಸಲವೂ ತಾನೇ ಎತ್ತಿಕೊಂಡಳು. ಮದುವೆಯಾಗಿ ಮೂರು ವರ್ಷ, ಕಂಡವರೆಲ್ಲ ಮಗು ಯಾವಾಗ ಎಂದು ಕೇಳುತ್ತಿದ್ದರು. ಮಗು ಆಮೇಲಿನ ಮಾತು. ಸದ್ಯಕ್ಕೆ ಅವಳಿಗೆ ಬೇಕಾಗಿದ್ದದ್ದು ಮುಟ್ಟು. ಅದೊಂದು ತಾನಾಗಿ ಬಂದರೆ, ಇಷ್ಟೆಲ್ಲ ಪಟ್ಟ ಪಾಡಿಗೆ ಅರ್ಥವಿದೆ ಎಂದು ನಂಬಬಹುದಿತ್ತು.

ಇದರ ಮೇಲೆ ನೀರಿನ ಕಾಟ. ಅವಳೂ ಗಂಡ ಯೋಗಾನಂದನೂ ಶೆಟ್ಟಿಹಳ್ಳಿಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಫೆಬ್ರವರಿ ಶುರುವಾಗುತ್ತಲೇ ಕೊಳವೆಬಾವಿ ಕೈಕೊಟ್ಟಿತು. ದಿನ ಬಿಟ್ಟು ದಿನ ಟ್ಯಾಂಕರ್ ಬಂದು ಕೆಳಗಿನ ತೊಟ್ಟಿಗೆ ನೀರು ಸುರಿದು ಹೋಗುತ್ತಿತ್ತು. ಮನೆಯೊಡತಿ ಗೋದಾ ಆಂಟಿ ಮೋಟರ್ ಹಾಕಿ ಮೇಲಕ್ಕೆ ಬಿಡುತ್ತಿರಲಿಲ್ಲ, ಬಿಟ್ಟರೆ ಒಂದೇ ಹೊತ್ತಿಗೆ ಖಾಲಿಯಾಗುತ್ತದೆ ಎಂದು. ಬೇಕಾದವರು ಬಿಂದಿಗೆಯಲ್ಲಿ ಹೊತ್ತುಕೊಳ್ಳಬೇಕು. ದಿನಕ್ಕೆ ಐದು ಸಲ ಭೇದಿಗೆ ಹೋಗುವ ಹೆಂಗಸು ಎರಡು ಮಹಡಿ ನೀರು ಹೊರುವುದಿದೆಯಲ್ಲ, ಅದನ್ನು ಶತ್ರುವಿಗೂ ಬಯಸಬಾರದು. ಯೋಗಾನಂದ ಪೀಣ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಬೆಳಗ್ಗೆ ಹೊರಡುವ ಮುಂಚೆ ನಾಲ್ಕು ಬಿಂದಿಗೆ ಹೊತ್ತಿಟ್ಟು ಹೋಗುತ್ತಿದ್ದ. ನಾಲ್ಕು ಸಾಲುತ್ತಿರಲಿಲ್ಲ.

ಮಾರ್ಚ್ ಮೊದಲ ವಾರದ ಒಂದು ಸಂಜೆ ಅವಳು ಅಡಿಗೆಮನೆಯ ಸಿಂಕಿನ ಮೇಲೆ ಬಗ್ಗಿ ಓಕರಿಸುತ್ತಿದ್ದಾಗ ಫೋನು ಬಂತು. ಅತ್ತೆ ಮುನಿಕೆಂಪಮ್ಮ, ರಾಜಾನುಕುಂಟೆಯಿಂದ. ಅಲ್ಲಿ ಅವರದೂ ಅವರ ಓರಗಿತ್ತಿ ಕೃಷ್ಣಮ್ಮನದೂ ಒಂದೇ ಅಂಗಳ, ಎರಡು ಹಸು, ಡೈರಿಗೆ ಹಾಲು. ಧನಲಕ್ಷ್ಮಿ ಒಂದು ಕೈಯಲ್ಲಿ ಬಾಯಿ ಒರೆಸಿಕೊಂಡು ಇನ್ನೊಂದು ಕೈಯಲ್ಲಿ ಫೋನು ಎತ್ತಿದಳು.

"ಯಾಕಮ್ಮಿ, ಅಂಗೆ ಓಕರಿಸ್ತಿದ್ದೀಯ?"

"ಏನಿಲ್ಲ ಅತ್ತೆ, ಸುಸ್ತು. ಏನ್ ತಿಂದ್ರೂ ನಿಲ್ತಿಲ್ಲ. ಅದರ ಮೇಲೆ ಇಲ್ಲಿ ನೀರು ಬೇರೆ ನಿಂತ್ಹೋಗಿದೆ."

ಅತ್ತೆ ದನಿ ತಗ್ಗಿಸಿದರು. "ನೀರ್ ನಿಂತೈತಾ? ಎಷ್ಟ್ ದಿನ ಆಯ್ತವ್ವ?"

"ನಿಂತು ತಿಂಗಳ ಮೇಲಾಯ್ತು ಅತ್ತೆ."

"ಯೋಗಿಗೆ ಗೊತ್ತಾ?"

"ಗೊತ್ತಿಲ್ದೆ ಏನು? ಗೋದಾ ಆಂಟಿಗೂ ಹೇಳಿದ್ದೀವಿ."

"ನಂಗ್ ಏಳ್ದೆ ಬಾಡಿಗೆ ಮನೆಯೋಳ್ಗೆ ಏಳಿದ್ದೀಯಾ!" ಅತ್ತೆಯ ದನಿಯಲ್ಲಿ ನೋವಿತ್ತು. "ಓಗ್ಲಿ ಬಿಡು. ಆಯಮ್ಮ ಏನಂದ್ಳು?"

"ಇನ್ನೊಂದು ವಾರ ನೋಡೋಣ ಅಂದ್ರು."

"ನೀನು ಭಾರಗೀರ ಎತ್ಬ್ಯಾಡ. ನಾನ್ ಶನಿವಾರ ಬತ್ತೀನಿ."

ನೀರಿಲ್ಲದ ಮನೆಗೆ ಇನ್ನೊಬ್ಬರು ಯಾಕೆ ಬರುತ್ತಾರಪ್ಪಾ ಎಂದುಕೊಳ್ಳುತ್ತ ಧನಲಕ್ಷ್ಮಿ ಫೋನು ಇಟ್ಟಳು. ಮತ್ತೆ ಬಗ್ಗಿ ಓಕರಿಸಿದಳು.

ಶನಿವಾರ ಅತ್ತೆ ಬಂದರು. ಚೀಲದಿಂದ ಮಾವಿನಕಾಯಿ, ಹುಣಸೆಹಣ್ಣು, ನಾಟಿ ಕೋಳಿಯ ಮೊಟ್ಟೆ, ತಂಬಿಟ್ಟು, ಸ್ಟೀಲ್ ಕ್ಯಾನಿನಲ್ಲಿ ಹಾಲು, ಒಂದೊಂದಾಗಿ ಹೊರಗೆ ಬಂದವು. ಫ್ರಿಜ್ಜಿನ ಬಾಗಿಲು ತೆಗೆದು ನೋಡಿದರು. ಡಯಟ್ಟಿಗೆಂದು ಹೆಚ್ಚಿಟ್ಟಿದ್ದ ಪರಂಗಿ ಹಣ್ಣನ್ನು ಡಬ್ಬಿ ಸಮೇತ ಎತ್ತಿ, ಕೆಳಗೆ ಗೋದಾ ಆಂಟಿಗೆ ಕೊಟ್ಟುಬಂದರು. ಆಮೇಲೆ ಸೊಸೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಬೆರಳ ಗೆಣ್ಣು ತಮ್ಮ ತಲೆಗೊತ್ತಿ ಲಟಲಟ ದೃಷ್ಟಿ ತೆಗೆದರು.

"ಈ ಮನೇಲಿ ಒಂದ್ ಕೂಸು ಆಡೋದ ನೋಡ್ಬುಟ್ರೆ ಸಾಕು ಕಣವ್ವ ನಂಗೆ."

ಧನಲಕ್ಷ್ಮಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಸಿಟಿಯಲ್ಲೇ ಹುಟ್ಟಿ ಬೆಳೆದ ಅವಳ ಬಾಯಲ್ಲಿ ಮುಟ್ಟಿಗೆ ಡೇಟು ಎನ್ನುವುದೇ ಹೆಸರು. ಆದರೆ ಅವಳ ಅಜ್ಜಿ ಇದ್ದಾಗ ನೀರು ನಿಲ್ಲುವುದು ಎಂಬ ಮಾತು ಕೇಳಿದ್ದಳು. ಮುಟ್ಟು ಕಳೆದು ತಲೆಗೆ ನೀರು ಹಾಕಿಕೊಳ್ಳುವುದು ಹಳಬರ ರೂಢಿ. ಆ ನೀರು ಹಾಕಿಕೊಳ್ಳುವುದು ತಪ್ಪಿತೆಂದರೆ ನೀರು ನಿಂತಿತು ಎನ್ನುತ್ತಾರೆ. ನೀರು ನಿಂತಳು ಎಂದರೆ ಬಸುರಿ. ಫೋನಿನಲ್ಲಿ ತಾನು ಆಡಿದ ಒಂದೊಂದೇ ಮಾತು ನೆನಪಾಗಿ ಅವಳಿಗೆ ನಗು ಬಂತು, ಕೂಡಲೇ ಅಳು ಬಂತು. ಅಷ್ಟರಲ್ಲಿ ಅತ್ತೆ ಅಡಿಗೆಮನೆಯ ನಲ್ಲಿ ತಿರುಗಿಸಿದ್ದರು. ನಲ್ಲಿ ಒಂದು ಸಲ ಗೊರಗುಟ್ಟಿ ಸುಮ್ಮನಾಯಿತು.

"ಅಯ್ಯೋ, ಇಲ್ಲೂ ನೀರಿಲ್ವಾ?" ಎಂದರು ಮುನಿಕೆಂಪಮ್ಮ. ತಾವು ಫೋನಿನಲ್ಲಿ ಕೇಳಿದ್ದೇನು ಎಂಬುದಕ್ಕೆ ಉತ್ತರ ಅವರ ಕೈಯಲ್ಲೇ ಇತ್ತು. ಅವರು ಅದನ್ನು ನೋಡಲಿಲ್ಲ. ಖಾಲಿ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಕೆಳಗಿಳಿದೇಬಿಟ್ಟರು.

"ಅತ್ತೆ, ನೀವ್ ಹೊರಬೇಡಿ, ನಿಮಗೆ ಮಂಡಿ ನೋವು..."

"ನೀನು ಮಲಕ್ಕೋ ಓಗು."

ಅವಳು ಮಲಗಿದಳು. ತಪ್ಪು ಅಲ್ಲಿಂದ ಶುರುವಾಯಿತು. ಬೆನ್ನಿಗೆ ಹಾಸಿಗೆ ತಾಗಿದ ಕೂಡಲೇ ಐದು ವಾರದ ದಣಿವೆಲ್ಲ ಒಟ್ಟಿಗೆ ಮೇಲೆ ಬಿತ್ತು. ಎದ್ದ ಮೇಲೆ ಹೇಳಿದರಾಯಿತು ಎಂದುಕೊಂಡಳು. ಎದ್ದಾಗ ದೀಪ ಹಚ್ಚುವ ಹೊತ್ತು. ಆರು ಬಿಂದಿಗೆ ತುಂಬಿದ್ದವು. ಬಸ್ಸಾರು, ಬಿಸಿ ಮುದ್ದೆ ತಟ್ಟೆಯಲ್ಲಿತ್ತು. ಮುದ್ದೆಯ ಹಬೆ ಮೂಗಿಗೆ ಬಂದರೂ, ವಾರಗಳ ನಂತರ ಮೊದಲ ಸಲ, ಹೊಟ್ಟೆ ತೊಳಸಲಿಲ್ಲ.

ರಾತ್ರಿ ಊಟವಾದ ಮೇಲೆ ಕೋಣೆಯಲ್ಲಿ ಯೋಗಾನಂದನಿಗೆ ಎಲ್ಲ ಹೇಳಿದಳು. ಅವನು ಬಾಯಿ ಮುಚ್ಚಿಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿದ.

"ರೀ, ನಿಮ್ಮಮ್ಮ. ನೀವೇ ಹೇಳಿ."

"ಹೇಳ್ತೀನಿ ಬಿಡು, ನಾಳೆ. ಅಪ್ಪ ಹೋದ್ಮೇಲೆ ಅಮ್ಮ ಇಷ್ಟು ಖುಷಿಯಾಗಿರೋದು ಇದೇ ಮೊದಲು ಕಣೆ. ಬರ್ತಾ ಬಸ್ಸಲ್ಲಿ ಕಂಡಕ್ಟರ್ ಹತ್ರಾನೂ ಹೇಳ್ಕೊಂಡ್ ಬಂದಿದ್ದಾಳಂತೆ."

ಯೋಗಾನಂದ ಒಳ್ಳೆಯವನೇ. ಆದರೆ ಅವನ ನಾಳೆ ಯಾವತ್ತೂ ಕ್ಯಾಲೆಂಡರಿನಲ್ಲಿರುವ ನಾಳೆಯಲ್ಲ. ಭಾನುವಾರ ಹೇಳಲಿಲ್ಲ, ಸೋಮವಾರವೂ ಹೇಳಲಿಲ್ಲ. ಮಂಗಳವಾರ ಹೆಂಡತಿ ಕಣ್ಣು ಕೆಕ್ಕರಿಸಿದಾಗ, "ಹೆಂಗ್ ಶುರು ಮಾಡೋದು ಅಂತಾನೇ ತಿಳೀತಿಲ್ಲ" ಎಂದ.

ಹಾಗೆಂದು ಎಲ್ಲವನ್ನೂ ಅವನ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಹೇಳಲು ಧನಲಕ್ಷ್ಮಿಗೂ ಬಾಯಿತ್ತು. ಬೆಳಗ್ಗೆ ಅವಳು ಏಳುವ ಮುಂಚೆ ಬಿಂದಿಗೆಗಳು ತುಂಬಿರುತ್ತಿದ್ದವು. ಡಬ್ಬಿಗೆ ಬಿಸಿ ಅನ್ನ, ಸೊಪ್ಪಿನ ಸಾರು ಇರುತ್ತಿತ್ತು. ಕೆಲಸದಿಂದ ಬಂದರೆ ಕಾಲು ಚಾಚಿ ಕೂರು ಎನ್ನುವವರಿದ್ದರು. ಇದೇ ವಾಕರಿಕೆ ಕಳೆದ ತಿಂಗಳೂ ಇತ್ತು, ಆಗ ಯಾರೂ ಒಂದು ಲೋಟ ನೀರು ತಂದುಕೊಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಮಾತ್ರೆಯಿಂದ ಬಂದ ಓಕರಿಕೆಗೆ ಮನೆಯಲ್ಲಿ ಮರ್ಯಾದೆಯಿಲ್ಲ. ಹೊಟ್ಟೆಯಲ್ಲಿ ಮಗುವಿದ್ದರೆ ಅದೇ ಓಕರಿಕೆಗೆ ದೃಷ್ಟಿ ತೆಗೆಯುತ್ತಾರೆ. ಇದನ್ನು ನೆನೆದಾಗ ಅವಳಿಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದಾಗ ಇನ್ನೊಂದು ದಿನ ಸುಮ್ಮನಿರುವುದು ಸುಲಭವಾಗುತ್ತಿತ್ತು.

ಬಾಯಿಬಿಟ್ಟು ಸುಳ್ಳು ಮಾತ್ರ ಒಂದೂ ಆಡಲಿಲ್ಲ. ಅಷ್ಟರಮಟ್ಟಿಗೆ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದಳು.

"ಡಾಕ್ಟ್ರು ಏನಂದ್ರವ್ವ?"

"ಮೂರು ತಿಂಗಳು ನೋಡೋಣ ಅಂದ್ರು ಅತ್ತೆ."

"ಸರಿಯಾಗ್ ಏಳವ್ರೆ. ಮೂರ್ ತಿಂಗ್ಳು ಕಳೆಯೋಗಂಟ ಯಾರ್ಗೂ ಏಳ್ಬಾರ್ದು. ನಾನೂ ಕೃಷ್ಣಮ್ಮಂಗ್ ಒಬ್ಬಳ್ಗೇ ಏಳಿರೋದು."

ಕೃಷ್ಣಮ್ಮನಿಗೆ ಒಬ್ಬಳಿಗೇ ಹೇಳುವುದೆಂದರೆ ರಾಜಾನುಕುಂಟೆಯ ಡೈರಿಯ ಸಾಲಿನಲ್ಲಿ ನಿಂತು ಮೈಕಿನಲ್ಲಿ ಹೇಳಿದ ಹಾಗೆ. ದಿನ ಕಳೆದಷ್ಟೂ ಈ ಮಾತು ಗಟ್ಟಿಯಾಗುತ್ತದೆ, ಕೀಳುವುದು ಕಷ್ಟವಾಗುತ್ತದೆ ಎಂದು ಧನಲಕ್ಷ್ಮಿಗೆ ಗೊತ್ತಿತ್ತು. ಗೊತ್ತಿದ್ದೂ ತಟ್ಟೆಯ ಮುಂದೆ ಕೂತು ಮುದ್ದೆ ಮುರಿದಳು.

ಮಾತ್ರೆಯನ್ನಂತೂ ಮುಚ್ಚಿಡಬೇಕಿತ್ತು, ಏಕೆಂದರೆ ಅತ್ತೆ ನುಂಗುವುದೂ ಅದೇ ಮಾತ್ರೆ. ಅವರಿಗೆ ಎಂಟು ವರ್ಷದಿಂದ ಶುಗರ್. ಅಕ್ಷರ ಬಾರದಿದ್ದರೂ ಆ ಉದ್ದನೆಯ ಬಿಳಿ ಮಾತ್ರೆಯನ್ನು ಅವರು ಕಣ್ಣು ಮುಚ್ಚಿಕೊಂಡೂ ಗುರುತು ಹಿಡಿಯುತ್ತಿದ್ದರು. ಧನಲಕ್ಷ್ಮಿ ಅದನ್ನು ಹಳೆಯ ಕನ್ನಡಕದ ಡಬ್ಬಿಯೊಳಗೆ ಹಾಕಿ, ಊಟದ ನಡುವೆ ಏನೋ ನೆಪ ಹೇಳಿ ಕೋಣೆಗೆ ಹೋಗಿ ನುಂಗಿ ಬರುತ್ತಿದ್ದಳು. ಊಟದ ನಡುವೆ! ಡಾಕ್ಟರು ಹೇಳಿದ್ದೂ ಅದನ್ನೇ. ಹೊಟ್ಟೆ ತುಂಬ ಅನ್ನ, ಅದರ ಮಧ್ಯೆ ಮಾತ್ರೆ, ಸಂಜೆ ಒಂದಿಷ್ಟು ವಿಶ್ರಾಂತಿ. ಒಂದು ವಾರದಲ್ಲಿ ಭೇದಿ ಅರ್ಧಕ್ಕರ್ಧ ನಿಂತಿತು. ವಾಕರಿಕೆ ಬೆಳಗಿನ ಹೊತ್ತು ಒಮ್ಮೆ ಇಣುಕಿ ಹೋಗುವಷ್ಟಾಯಿತು.

"ನೋಡ್ದಾ, ಮಲಗ್ಸಿ ತಿನ್ನಿಸಿದ್ರೆ ಎಂಗ್ ಸರಿಯಾಯ್ತು" ಎಂದರು ಅತ್ತೆ ಹೆಮ್ಮೆಯಿಂದ. ಅಂಗಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಗೋಡೆಗೊರಗಿ ಕೂತಿದ್ದರು. ಮಂಡಿ ಊದಿ ಹೊಳೆಯುತ್ತಿತ್ತು. ಧನಲಕ್ಷ್ಮಿ ಅತ್ತ ನೋಡಲಾರದೆ ಟಿವಿಯ ಕಡೆ ತಿರುಗಿದಳು. ಅವತ್ತು ಅವಳಿಗೆ ತನ್ನ ಮೇಲೆ ನಿಜವಾಗಿ ಅಸಹ್ಯವಾಯಿತು.

ಅತ್ತೆ ಬಂದ ಹನ್ನೊಂದನೇ ದಿನ, ಮಂಗಳವಾರ, ಅಂಗಡಿಯಲ್ಲಿ ಮಧ್ಯಾಹ್ನ ಬೀಗದ ಕೈ ಹಿಡಿದು ಮೇಲೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಂದಕುಮಾರ್ ಎರಡು ಸಲ ಗಡಿಯಾರ ನೋಡಿದರು. ಸುಮೈರಾ ಗಾಬರಿಯಾಗಿ ಮಹಡಿ ಹತ್ತಿ ಬಾಗಿಲು ತಟ್ಟಿದಳು. ಬಾಗಿಲು ತೆರೆದ ಧನಲಕ್ಷ್ಮಿಯ ಮುಖದಲ್ಲಿ ಕಣ್ಣೀರು ಧಾರಾಕಾರವಾಗಿ ಹರಿಯುತ್ತಿತ್ತು.

"ಏನಾಯ್ತೇ?"

"ಆಯ್ತು ಕಣೆ! ಆದೆ! ನಾನಾಗೇ ಆದೆ!"

ಸುಮೈರಾ ಅವಳನ್ನು ತಬ್ಬಿಕೊಂಡೇಬಿಟ್ಟಳು. ನಾಲ್ಕು ತಿಂಗಳ ಮೇಲೆ, ಬೇರೆ ಯಾವ ಮಾತ್ರೆಯ ಬಲವಂತವೂ ಇಲ್ಲದೆ. ಟೈಲರ್ ವಾಜಿದ್ ಹೊಲಿಗೆ ನಿಲ್ಲಿಸಿ, ಕಕ್ಕಸಿನ ಬಾಗಿಲಲ್ಲಿ ಇಬ್ಬರು ಹೆಂಗಸರು ನಗುತ್ತ ಅಳುವುದನ್ನು ನೋಡಿ, ತನಗೇಕೆ ಎಂದು ಮತ್ತೆ ಮೆಷಿನ್ನು ತುಳಿದ. ಕಿಬ್ಬೊಟ್ಟೆ ಹಿಂಡುತ್ತಿತ್ತು, ಸೊಂಟ ಕಳಚಿಬೀಳುತ್ತಿತ್ತು, ಆದರೂ ಆ ಮಧ್ಯಾಹ್ನ ಅವಳು ಮೂರು ಜನರ ಕಣ್ಣನ್ನು ಒಂದು ಸಲವೂ ಎದ್ದು ಓಡದೆ ನೋಡಿದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಇವತ್ತು ಅತ್ತೆಗೆ ಎಲ್ಲ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು. ಒಳ್ಳೆಯ ಸುದ್ದಿಯಿಂದ ಶುರು ಮಾಡಿದರೆ ಮಿಕ್ಕದ್ದು ತಾನಾಗಿ ಹಗುರವಾಗುತ್ತದೆ ಎಂದು ಅವಳ ಎಣಿಕೆ. ಆ ಸುದ್ದಿ ಯಾರಿಗೆ ಒಳ್ಳೆಯದು ಎಂಬುದನ್ನು ಮಾತ್ರ, ಪಾಪ, ಯೋಚಿಸಲಿಲ್ಲ.

ಮೊದಲ ಮಹಡಿಯ ತಿರುವಿನಲ್ಲಿ ಅತ್ತೆ ಸಿಕ್ಕರು. ಸೊಂಟದ ಮೇಲೆ ತುಂಬಿದ ಬಿಂದಿಗೆ, ಇನ್ನೊಂದು ಕೈ ಕಂಬಿಯ ಮೇಲೆ, ಒಂದು ಮೆಟ್ಟಿಲಿಗೆ ಎರಡು ಉಸಿರು.

"ಕೊಡಿ ಅತ್ತೆ ಬಿಂದಿಗೆ."

"ಬ್ಯಾಡ ಬ್ಯಾಡ, ನೀನು ಎತ್ಬಾರ್ದು."

"ಎತ್ತಬಹುದು ಅತ್ತೆ. ನಾನು ಹೊರಗಾಗಿದ್ದೀನಿ." ಹೇಳುವಾಗ ಅವಳ ಮುಖದಲ್ಲಿ ಮಧ್ಯಾಹ್ನದ ನಗು ಇನ್ನೂ ಉಳಿದಿತ್ತು.

ಬಿಂದಿಗೆ ಕೈಜಾರಲಿಲ್ಲ. ಟ್ಯಾಂಕರ್ ನೀರು ಹೊರುವವರು ಏನೇ ಆದರೂ ಬಿಂದಿಗೆ ಕೈಬಿಡುವುದಿಲ್ಲ. ಮುನಿಕೆಂಪಮ್ಮ ಅದನ್ನು ಜೋಪಾನವಾಗಿ ಮೆಟ್ಟಿಲ ಮೇಲಿಟ್ಟು, ಪಕ್ಕದಲ್ಲಿ ಕೂತರು. ಸೊಸೆಯ ಕೈ ಹಿಡಿದೆಳೆದು ತಮ್ಮ ಹತ್ತಿರ ಕೂರಿಸಿಕೊಂಡರು.

"ಓಯ್ತಾ?" ಎಂದರು ಸಣ್ಣ ದನಿಯಲ್ಲಿ. "ಓಯ್ತಾ ಕಂದಾ?" ಸೆರಗು ಬಾಯಿಗೆ ಒತ್ತಿಕೊಂಡರು. "ನಂದೇ ತಪ್ಪು ಕಣವ್ವ. ಭಾನುವಾರ ಚಟ್ನಿಗೆ ಒಂದ್ ಚಿಟಿಕೆ ಎಳ್ಳು ಆಕ್ದೆ. ಆಕ್ಬಾರ್ದು ಅಂತ ಗೊತ್ತಿತ್ತು, ಕೈ ತಡೀಲಿಲ್ಲ. ಎಳ್ಳು ಕಾವು. ನಾನೇ ಕೈಯಾರೆ..."

ಧನಲಕ್ಷ್ಮಿಯ ನಗು ಎಲ್ಲಿ ಹೋಯಿತೋ. ಅತ್ತೆ ಬೈಯಬಹುದು, ಮುನಿಸಿಕೊಳ್ಳಬಹುದು ಎಂದೆಲ್ಲ ಅಂದುಕೊಂಡಿದ್ದಳು. ಇಲ್ಲದ ಮಗುವನ್ನು ತಾವೇ ಕೊಂದೆ ಎಂದು ಮೆಟ್ಟಿಲ ಮೇಲೆ ಕೂತು ಅಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನು ಒಂದು ಗಳಿಗೆ ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ಪಾಪವಿಲ್ಲ.

"ಎಳ್ಳೂ ಇಲ್ಲ ಏನೂ ಇಲ್ಲ ಅತ್ತೆ. ಮಗುನೇ ಇರ್ಲಿಲ್ಲ."

ಎಲ್ಲವನ್ನೂ ಹೇಳಿದಳು. ನವೆಂಬರಿನಿಂದ ನಿಂತ ಮುಟ್ಟು, ಡಾಕ್ಟರು, ಮಾತ್ರೆ, ಅದರಿಂದ ಬಂದ ವಾಕರಿಕೆ. ತಾನು ಫೋನಿನಲ್ಲಿ ಹೇಳಿದ್ದು ಈ ನಲ್ಲಿಯ ನೀರು. ಮಧ್ಯೆ ಗೋದಾ ಆಂಟಿ ಬಾಗಿಲು ತೆರೆದು, ಇಬ್ಬರ ಮುಖ ನೋಡಿ, ಮೆಲ್ಲಗೆ ಮುಚ್ಚಿಕೊಂಡರು. ಮುನಿಕೆಂಪಮ್ಮ ಕೊನೆಯವರೆಗೂ ಕೇಳಿದರು. ಅಳು ನಿಂತಿತ್ತು. ಮುಖ ಬಿಗಿದುಕೊಂಡಿತ್ತು.

"ನಾನ್ ಬಂದಿದ್ ದಿನವೇ ನಿಂಗ್ ತಿಳೀತಾ, ನಾನ್ ಏನ್ ಅಂದ್ಕಂಡಿದ್ದೀನಿ ಅಂತ?"

"ತಿಳೀತು."

"ಯೋಗಿಗೂ?"

"ಅವರಿಗೂ."

"ಅನ್ನೊಂದ್ ದಿನ" ಎಂದರು ಅತ್ತೆ. "ಅನ್ನೊಂದ್ ದಿನ ನಾನು ಯಾವ್ ಮಗೀಗೆ ನೀರ್ ಒತ್ತೆ ಅಂಗಾರೆ?"

"ನನಗೆ ಹೊತ್ರಿ ಅತ್ತೆ. ನನಗೆ ಏಳಕ್ಕಾಗ್ತಿರ್ಲಿಲ್ಲ. ನೀವ್ ಮಲಕ್ಕೋ ಅಂದ್ರಿ, ಮಲಕ್ಕೊಂಡೆ. ಆಮೇಲೆ ಹೇಳೋಕೆ ಮನಸ್ಸು ಬರ್ಲಿಲ್ಲ."

"ಮೈಯಾಗೆ ಉಷಾರಿಲ್ಲ ಅತ್ತೆ, ಬನ್ನಿ ಅಂತ ಒಂದ್ ಮಾತ್ ಅಂದಿದ್ರೆ ನಾನ್ ಬತ್ತಿರ್ಲಿಲ್ವಾ?"

ಬರುತ್ತಿದ್ದರೋ ಏನೋ. ಹಸು ಬಿಟ್ಟು ಹೇಗೆ ಬರಲಿ ಎನ್ನುತ್ತಿದ್ದರೋ ಏನೋ. ಕೇಳಿದ ಮುನಿಕೆಂಪಮ್ಮನಿಗೂ ಅದು ಖಾತ್ರಿಯಿದ್ದ ಹಾಗೆ ಕಾಣಲಿಲ್ಲ. ಕಂಬಿ ಹಿಡಿದು ಎದ್ದು, ಬಿಂದಿಗೆಯನ್ನು ಅಲ್ಲೇ ಬಿಟ್ಟು ಮೇಲೆ ಹತ್ತಿದರು. ಧನಲಕ್ಷ್ಮಿ ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹಿಂದೆ ನಡೆದಳು. ಕಿಬ್ಬೊಟ್ಟೆಯ ನೋವಿಗೆ ಬಿಂದಿಗೆ ಒತ್ತುತ್ತಿತ್ತು. ಒತ್ತಲಿ ಎಂದುಕೊಂಡಳು.

ಯೋಗಾನಂದ ಕೆಲಸದಿಂದ ಬಂದ. ಅಮ್ಮನ ಚೀಲ ಬಾಗಿಲ ಬಳಿ ಕಟ್ಟಿಟ್ಟದ್ದನ್ನು ನೋಡಿ ಅವನಿಗೆ ಎಲ್ಲ ಅರ್ಥವಾಯಿತು. "ಅಮ್ಮಾ..." ಎಂದ. "ನೀನ್ ಮಾತಾಡ್ಬ್ಯಾಡ ಕಣ್ಲಾ" ಎಂದರು ಅಮ್ಮ. ಅವನು ಖಾಲಿ ಬಿಂದಿಗೆ ಎರಡು ಕೈಗೂ ಒಂದೊಂದು ಹಿಡಿದು ಕೆಳಗಿಳಿದ. ಗಂಡಸರಿಗೆ ಅಂಥ ಹೊತ್ತಿನಲ್ಲಿ ಒಂದು ಕೆಲಸ ಸಿಕ್ಕರೆ ಸಾಕು.

ಹೀಗಿದ್ದರೂ ಹಿಟ್ಟು ಕುದಿಯಿತು. ಮುನಿಕೆಂಪಮ್ಮ ಕೋಲು ಹಾಕಿ ತಿರುವುತ್ತ, ಬೆನ್ನು ಈ ಕಡೆಗೇ ಇಟ್ಟುಕೊಂಡು ಕೇಳಿದರು.

"ಅದ್ಯಾವ್ ಮಾತ್ರೆ, ತೋರ್ಸು."

ಧನಲಕ್ಷ್ಮಿ ಕನ್ನಡಕದ ಡಬ್ಬಿ ತಂದು ತೆರೆದಳು. ಅತ್ತೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು.

"ಇದು ನನ್ ಮಾತ್ರೆ."

"ಹೂಂ. ಅದೇ. ನನಗೆ ಶುಗರ್ ಇಲ್ಲ, ಇದಕ್ಕೂ ಅದನ್ನೇ ಕೊಡ್ತಾರಂತೆ."

ಮುನಿಕೆಂಪಮ್ಮ ಹಾಳೆಯನ್ನು ಹಿಂದುಮುಂದು ತಿರುಗಿಸಿದರು. "ನಂಗ್ ಇದು ಶುರು ಮಾಡ್ದಾಗ ಎರಡ್ ತಿಂಗ್ಳು ಕೊಟ್ಟಿಗೆ ಇಂದ್ಗಡೆನೇ ಇದ್ದೆ" ಎಂದರು. "ಯಾರ್ಗೂ ಏಳ್ಳಿಲ್ಲ. ಆಲ್ ಕರೀತಾ ಕರೀತಾ ಎದ್ದು ಓಡೋದು. ಅಸ ತಿರುಗಿ ತಿರುಗಿ ನೋಡೋದು." ಅದನ್ನು ಹೇಳುವಾಗ ಅವರು ನಗಲಿಲ್ಲ. ಆದರೆ ಧನಲಕ್ಷ್ಮಿಗೆ ಕತ್ತಲಲ್ಲಿ ಚೌಕಟ್ಟು ಹೊತ್ತು ಕೂತ ಮುದುಕರು ನೆನಪಾದರು.

ತಟ್ಟೆ ಹಾಕಿದರು. ತಮ್ಮ ತಟ್ಟೆಯ ಅಂಚಿಗೆ ಒಂದು ಮಾತ್ರೆ ಇಟ್ಟುಕೊಂಡರು, ಸೊಸೆಯ ತಟ್ಟೆಯ ಅಂಚಿಗೆ ಒಂದು ಇಟ್ಟರು. "ಅರ್ಧ ಮುದ್ದೆ ಒಳೀಕ್ ಓಗ್ಲಿ. ಆಮೇಲ್ ನುಂಗು. ಆಮೇಲ್ ಮಿಕ್ಕಿದ್ ಅರ್ಧ. ಕದ್ದು ಓಗಿ ನುಂಗ್ಬ್ಯಾಡ." ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ. ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ ಎಂದರು. ಧನಲಕ್ಷ್ಮಿ ಬೇಡವೆನ್ನಲು ಧೈರ್ಯ ಮಾಡಲಿಲ್ಲ, ತಲೆ ಬಗ್ಗಿಸಿ ಅರ್ಧ ಮುದ್ದೆ ಉಂಡಳು.

ಅಷ್ಟರಲ್ಲಿ ಅತ್ತೆಯ ಫೋನು ಬಡಿದುಕೊಂಡಿತು. ಅವರು ಯಾವಾಗಲೂ ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಆ ಕಡೆಯಿಂದ ಕೃಷ್ಣಮ್ಮನ ಗಂಟಲು ಮನೆ ತುಂಬಿತು.

"ಅಕ್ಕಾ, ಎಂಗವ್ಳೆ ನಿನ್ ಸೊಸೆ? ವಾಂತಿ ನಿಂತೈತಾ? ಇಲ್ಲಿ ಡೈರಿ ತಾವ ಎಲ್ರೂ ಕೇಳ್ತಾವ್ರೆ."

ಧನಲಕ್ಷ್ಮಿಯ ಕೈ ತಟ್ಟೆಯಲ್ಲೇ ನಿಂತಿತು. ಈಗ ಹೇಳುತ್ತಾರೆ. ಹನ್ನೊಂದು ದಿನ ಸುಳ್ಳು ಬಸುರಿಯಾಗಿ ಅತ್ತೆಯ ಕೈಲಿ ನೀರು ಹೊರಿಸಿದಳು ಎಂದು ಹೇಳಿದರೆ ನಾಳೆ ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಊರಿಗೆಲ್ಲ ಗೊತ್ತು. ಇನ್ನು ಆ ಊರಿನಲ್ಲಿ ಅವಳು ತಲೆಯೆತ್ತುವ ಹಾಗಿಲ್ಲ. ಹೇಳಲು ಅವರಿಗೆ ಹಕ್ಕೂ ಇತ್ತು.

ಮುನಿಕೆಂಪಮ್ಮ ಬಾಯಲ್ಲಿದ್ದ ತುತ್ತು ನುಂಗಿದರು.

"ಬಸ್ರಿಲ್ಲ ಏನಿಲ್ಲ ಕಣಮ್ಮಿ" ಎಂದರು. "ನಲ್ಲಿ ನೀರು ನಿಂತೈತೆ ಅಂತ ಆಯಮ್ಮ ಅಂದಿದ್ದು. ನಂಗೇ ತಪ್ಪಾಗ್ ಕೇಳಿಸ್ತು. ಕಿವಿ ಮಂದ ಆಗೈತೆ, ವಯಸ್ಸಾಯ್ತಲ್ಲ."

"ಅಯ್ಯೋ ನಿನ್ನ!" ಆ ಕಡೆ ಕೃಷ್ಣಮ್ಮ ಬಿದ್ದು ಬಿದ್ದು ನಕ್ಕಳು. ಹಿಂದೆ ಇನ್ಯಾರೋ ಇಬ್ಬರು ನಕ್ಕದ್ದೂ ಕೇಳಿಸಿತು. "ಊರೆಲ್ಲ ಏಳ್ಕೊಂಡ್ ಬಂದಲ್ಲಕ್ಕಾ! ಅಂಗಾರೆ ಇಷ್ಟ್ ದಿನ ಅಲ್ಲೇನ್ ಮಾಡ್ತಿದ್ದೆ?"

"ನೀರ್ ಒರ್ತಿದ್ದೆ" ಎಂದರು ಮುನಿಕೆಂಪಮ್ಮ. "ಉಡುಗೀಗೆ ಮೈಯಾಗ್ ಉಷಾರಿರ್ಲಿಲ್ಲ."

ಫೋನು ಇಟ್ಟು, ಸೊಸೆಯ ಮುಖ ನೋಡದೆ, ಅವಳ ತಟ್ಟೆಯ ಅಂಚಿನಲ್ಲಿ ಇನ್ನೂ ಹಾಗೇ ಇದ್ದ ಮಾತ್ರೆಯನ್ನು ಬೆರಳಿನಿಂದ ಅವಳ ಕಡೆಗೆ ಸರಿಸಿದರು.

"ನುಂಗು. ಮುದ್ದೆ ಆರೋಯ್ತದೆ."